ಹನ್ನೊಂದು ಕಡೆ ನಗುತ್ತಿದ್ದ ಹೆಂಗಸು

“ದೊಡ್ಡಮ್ಮ, ನೀನು ತಿಳ್ಕೊಂಡ ಹಾಗೆ ನಾನು ಯಾವ ವೆಬ್‌ಸೈಟನ್ನೂ ಸೊನ್ನೆಯಿಂದ ಮಾಡೋಳಲ್ಲ. ಟೆಂಪ್ಲೇಟ್ ಅಂತ ಸಿಗತ್ತೆ. ಯಾರೋ ಎಲ್ಲೋ ಕೂತು ಕಟ್ಟಿಟ್ಟಿರೋ ಖಾಲಿ ಮನೆ ಅಂದ್ಕೋ. ಗೋಡೆ ಇದೆ, ಬಾಗಿಲಿದೆ, ನಲ್ಲಿ ತಿರುವಿದ್ರೆ ನೀರು ಬರತ್ತೆ. ನಾನು ಬಣ್ಣ ಬಳೀತೀನಿ, ಗಿರಾಕಿ ಹೆಸರಿನ ಬೋರ್ಡು ಹಾಕ್ತೀನಿ, ಅವರ ಫೋಟೋ ಅಂಟಿಸ್ತೀನಿ, ಬೀಗದ ಕೈ ಕೊಟ್ಟು ಕೈ ತೊಳ್ಕೋತೀನಿ. ಈ ಕಸುಬಿನೋರು ಬಹಳ ಜನ ಹೀಗೇ ಮಾಡೋದು, ಇದರಲ್ಲಿ ಮೋಸ ಇಲ್ಲ. ಸಣ್ಣ ಅಂಗಡಿಯವರಿಗೆ ಮೊದಲ ಇಟ್ಟಿಗೆಯಿಂದ ಕಟ್ಟಿಕೊಡ್ತೀನಿ ಅಂತ ಕೂತ್ರೆ, ಅವರ ಅಂಗಡಿ ಮುಚ್ಚೋ ಹೊತ್ತಿಗೆ ಸೈಟು ತೆರೆಯತ್ತೆ. ಆದ್ರೆ ಆ ಖಾಲಿ ಮನೇಲಿ ಮುಂಚೆನೇ ಒಬ್ಬಳು ಕೂತಿರ್ತಾಳೆ. ಇಲ್ಲಿ ನಿಮ್ಮ ಗಿರಾಕಿ ಬರ್ತಾರೆ ಅಂತ ತೋರಿಸೋದಕ್ಕೆ ಇಟ್ಟಿರೋ ಗೊಂಬೆ. ಅವಳನ್ನ ಎಬ್ಬಿಸಿ ಕಳಿಸಿ, ನಿಜವಾದವರನ್ನ ಕೂರಿಸಬೇಕು. ನಾನು ಕಳಿಸ್ಲಿಲ್ಲ. ಮರೆತೆ ಅನ್ನೋಣ ಅಂದ್ರೆ ಮರೆತೂ ಇಲ್ಲ. ಆಮೇಲೆ ನೋಡೋಣ ಅಂದ್ಕೊಂಡೆ. ಆ ಆಮೇಲೆ ಬರಲೇ ಇಲ್ಲ. ಹನ್ನೊಂದು ಸೈಟಲ್ಲಿ ಅದೇ ಹೆಂಗಸು ನಗ್ತಾ ಕೂತಿದಾಳೆ.”

ಇಷ್ಟನ್ನೂ ಅವಳು ಒಂದು ಕಡೆ ನಿಂತು ಹೇಳಲಿಲ್ಲ. ಅಡುಗೆಮನೆಯಿಂದ ನಡುಮನೆಗೆ, ಅಲ್ಲಿಂದ ಬಾಗಿಲಿಗೆ, ಮತ್ತೆ ಒಲೆಯ ಬಳಿಗೆ ನಡೆಯುತ್ತ ಹೇಳಿದಳು. ಒಲೆಯ ಮೇಲೆ ಏನೂ ಇರಲಿಲ್ಲ. ಆದರೂ ಆರಿದೆಯೋ ಇಲ್ಲವೋ ಎಂದು ಎರಡು ಸಲ ನೋಡಿದಳು.

ಇವಳು ನನ್ನ ತಂಗಿಯ ಮಗಳು. ಚಿಕ್ಕಂದಿನಲ್ಲಿ ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ತಿರುಗುತ್ತಿದ್ದಳೆಂದು ಮನೆಯವರೆಲ್ಲ ಚಕ್ರ ಎಂದೇ ಕರೆದೆವು. ಈಗ ನಲವತ್ತಕ್ಕೆ ಎರಡು ಕಡಿಮೆ. ಹೆಸರು ಉಳಿದಿದೆ, ಚಕ್ರ ಮಾತ್ರ ಕಾಲಿನಿಂದ ಕುರ್ಚಿಗೆ ಇಳಿದಿದೆ. ಅವಳ ಕುರ್ಚಿಗೆ ಐದು ಗಾಲಿ. ಕೂತಲ್ಲೇ ಹಿಂದೆ ಮುಂದೆ ಉರುಳಿಸಿ ಉರುಳಿಸಿ ಕಿಟಕಿಯ ಕೆಳಗಿನ ನೆಲದಲ್ಲಿ ಎರಡು ಗೆರೆ ಮೂಡಿವೆ. ನೆಲ ಒರೆಸುವಾಗ ಬಟ್ಟೆ ಅಲ್ಲಿ ಸಿಕ್ಕಿಕೊಳ್ಳುತ್ತದೆ.

ನನ್ನ ಓದು ನಾಲ್ಕನೇ ತರಗತಿಗೆ ಮುಗಿದದ್ದು. ಇವಳ ಕೆಲಸವನ್ನು ನಾನು ತಿಳಿದದ್ದೆಲ್ಲ ಕಿವಿಯಿಂದ. ಆರು ವರ್ಷದಿಂದ ಅವಳು ಕೆಲಸ ಮಾಡುವ ಕೋಣೆಯ ಈ ಮೂಲೆಯಲ್ಲಿ ಕೂತು ಕಾಳು ಆರಿಸುತ್ತೇನೆ, ಗುಂಡಿ ಹೊಲಿಯುತ್ತೇನೆ. ಅವಳು ಆ ಮೂಲೆಯಲ್ಲಿ ಫೋನಿನಲ್ಲಿ ಹೇಳುತ್ತಿರುತ್ತಾಳೆ: “ಫೋಟೋ ಕಳಿಸಿ ಸರ್. ಹೌದು, ನಿಮ್ಮದೇ ಫೋಟೋ. ನಾಲ್ಕು ಸಾಲು ಬರೆದು ಕಳಿಸಿ ಮೇಡಂ.” ಅವರು ಇವತ್ತೇ ಕಳಿಸುತ್ತೇವೆ ಎನ್ನುತ್ತಾರೆ. ಆ ಇವತ್ತು ಎಂದಿಗೂ ಬರುವುದಿಲ್ಲ. ಇವಳು ಕಾದು ಕಾದು, ಇದ್ದದ್ದರಲ್ಲೇ ಮುಗಿಸಿ ಮುಂದಿನ ಕೆಲಸ ಹಿಡಿಯುತ್ತಾಳೆ.

ಆ ವಾರದ ಗೋಳು ಶುರುವಾದದ್ದು ಸೋಮವಾರ ಮಧ್ಯಾಹ್ನ, ಬಡಗಿ ಯಜಮಾನರು ಬಂದಾಗ. ಒಂಬತ್ತು ತಿಂಗಳ ಹಿಂದೆ ಅವರ ಬಾಗಿಲು ಕಿಟಕಿಯ ಅಂಗಡಿಗೆ ಇವಳು ಸೈಟು ಮಾಡಿಕೊಟ್ಟಿದ್ದಳು. ಅವರ ಮುಖವನ್ನು ನಾವು ನೋಡಿದ್ದು ಅಂದೇ ಮೊದಲು. ಎಡಗೆನ್ನೆ ಊದಿತ್ತು. ಒಳಗೆ ಬಂದವರು ಮೊದಲು ನಮ್ಮ ಬಾಗಿಲನ್ನು ನೋಡಿದರು, ಆಮೇಲೆ ನಮ್ಮನ್ನು.

“ಕೂತ್ಕೊಳ್ಳಿ ಸರ್.”

“ಬೆಳಿಗ್ಗೆಯಿಂದ ಕೂತೇ ಇದ್ದೆ ಮೇಡಂ, ಹಲ್ಲಿನ ಡಾಕ್ಟ್ರ ಹತ್ರ. ಕಾಯೋ ಜಾಗದಲ್ಲಿ ಗೋಡೆ ತುಂಬ ಟಿವಿ. ಅದರಲ್ಲಿ ಅವರ ವೆಬ್‌ಸೈಟು. ನೋಡ್ತಾ ನೋಡ್ತಾ, ಇದು ನನ್ನದೇ ಅಲ್ವಾ ಅನ್ನಿಸ್ತು. ಅದೇ ನೀಲಿ ಪಟ್ಟಿ. ಚಿತ್ರ ಜಾರ್ಕೊಂಡು ಬರೋದೂ ಅದೇ ಕಡೆಯಿಂದ. ನನ್ನ ಬಾಗಿಲಿದ್ದ ಜಾಗದಲ್ಲಿ ಅವರ ಹಲ್ಲು.”

ನನಗೆ ನಗು ತಡೆಯಲಾಗದೆ ಕಾಳಿನ ತಟ್ಟೆಯ ಮೇಲೆ ಬಗ್ಗಿದೆ.

“ಟೆಂಪ್ಲೇಟ್ ಒಂದೇ ಸರ್. ಮೊದಲೇ ಹೇಳಿದ್ದೆ ನಿಮಗೆ” ಎಂದಳು ಚಕ್ರ. ಕುರ್ಚಿ ಒಂದು ಗೇಣು ಹಿಂದೆ ಉರುಳಿತು.

“ಹೇಳಿದ್ರಿ. ನನಗೆ ಅರ್ಥ ಆಗಿರ್ಲಿಲ್ಲ, ಅದು ನನ್ನ ತಪ್ಪು. ಅದು ಹೋಗ್ಲಿ. ಆ ಹೆಂಗಸು ಯಾರು?”

ಬಡಗಿ ತಮ್ಮ ಫೋನನ್ನು ನನ್ನ ಕಡೆ ಹಿಡಿದು ತೋರಿಸಿದರು. ದುಂಡನೆಯ ಚೌಕಟ್ಟಿನಲ್ಲಿ ಕತ್ತರಿಸಿದ ಕೂದಲು, ಬಿಳಿ ಅಂಗಿ, ಸಾಲು ಹಲ್ಲು. ಕೆಳಗೆ ಒಂದು ಸಾಲು: ‘ಇವರ ಸೇವೆಯಿಂದ ನನ್ನ ಬದುಕೇ ಬದಲಾಯಿತು.’

“ಡಾಕ್ಟ್ರ ಹತ್ರಾನೂ ಇವಳ ಬದುಕು ಬದಲಾಗಿದೆ. ನಾನು ಇವಳಿಗೆ ಒಂದು ಮೊಳೆ ಹೊಡ್ಕೊಟ್ಟಿಲ್ಲ. ಎರಡು ತಿಂಗಳ ಹಿಂದೆ ನನ್ನ ಹೆಂಡತಿ ಕೇಳಿದ್ಲು, ಯಾರ್ರೀ ಇವಳು, ಏನು ಬದಲಾಯಿಸಿದ್ರಿ ಅಂತ. ಯಾರೋ ಹಳೇ ಗಿರಾಕಿ ಇರಬೇಕು ಅಂದೆ. ನಾನೂ ಹಾಗೇ ಅಂದ್ಕೊಂಡಿದ್ದೆ. ನನಗೇ ಗೊತ್ತಿಲ್ದೆ ಮನೇಲಿ ಸುಳ್ಳು ಹೇಳಿಸಿದ್ರಲ್ಲ ನೀವು.”

ಬರುವ ಶನಿವಾರ ಮರಗೆಲಸದವರ ಸಂಘದ ಸಭೆ. ನಲವತ್ತು ಜನ. ಅವರ ಮುಂದೆ ತಮ್ಮ ಸೈಟು ತೋರಿಸಿ, ಇದನ್ನು ಮಾಡಿದವರು ಇವರು ಎಂದು ಚಕ್ರಳ ಹೆಸರು ಹೇಳುತ್ತೇನೆಂದು ಬಡಗಿ ಮಾತು ಕೊಟ್ಟಿದ್ದರು. ಆ ನಲವತ್ತು ಜನರನ್ನು ನಂಬಿಕೊಂಡು ಇವಳು ಬೇರೆ ಎರಡು ಕೆಲಸಗಳನ್ನು ಬಿಟ್ಟಿದ್ದಳು.

“ಅವರಲ್ಲಿ ಒಬ್ಬನಾದ್ರೂ ಆ ಡಾಕ್ಟ್ರ ಹತ್ರ ಹೋಗೇ ಇರ್ತಾನೆ” ಎಂದರು ಬಡಗಿ. “ನನ್ನ ಮಾತು ಹೋದ್ರೆ ನನ್ನ ಹತ್ರ ಇನ್ನೇನಿದೆ, ಮರದ ಪುಡಿ. ಬೇರೆ ಮಾಡ್ಕೊಡಿ, ನಿಮ್ಮ ಕೈಯಿಂದ್ಲೇ ಮಾಡಿದ್ದು. ಆಗ್ದಿದ್ರೆ ಇದನ್ನ ತೆಗೆದುಹಾಕಿ.”

ಹೋಗುವಾಗ ನಮ್ಮ ಬಾಗಿಲನ್ನು ಎರಡು ಸಲ ಆಡಿಸಿ ನೋಡಿ, “ಕೆಳಗೆ ತಾಕ್ತಿದೆ” ಎಂದಷ್ಟೇ ಹೇಳಿ ಇಳಿದುಹೋದರು.

ಅಂದಿನಿಂದ ಚಕ್ರಳಿಗೆ ಕೂತರೆ ನಿಲ್ಲಬೇಕು, ನಿಂತರೆ ಕೂರಬೇಕು. ಪರದೆಯ ಮೇಲೆ ಬರೀ ಬಿಳಿ ಹಾಳೆ ಇಟ್ಟುಕೊಂಡು ಸೊನ್ನೆಯಿಂದ ಶುರುಮಾಡಿದಳು. ಒಂದು ಗೆರೆ ಎಳೆಯುವುದು, ಅಳಿಸುವುದು, ಎದ್ದುಹೋಗಿ ಮುಖ ತೊಳೆಯುವುದು. ಚಹಾ ಮಾಡಿಕೊಂಡು ಬಂದು ಕುಡಿಯದೆ ಬಿಟ್ಟು, ಮತ್ತೆ ಚಹಾ ಮಾಡಲು ಹೋಗುವುದು. ಮಂಗಳವಾರ ಸಂಜೆಗೆ ಏನೋ ಒಂದು ಆಯಿತು. ದೊಡ್ಡ ಪರದೆಯಲ್ಲಿ ಚೆನ್ನಾಗಿಯೇ ಕಂಡಿತು. ನನ್ನ ಹಳೆಯ ಫೋನಿನಲ್ಲಿ ತೆರೆದರೆ ಅಕ್ಷರಗಳೆಲ್ಲ ಬಸ್ಸಿನ ಬಾಗಿಲಿಗೆ ನುಗ್ಗಿದ ಜನರ ಹಾಗೆ ಒಂದು ಮೂಲೆಯಲ್ಲಿ ಒತ್ತಿಕೊಂಡಿದ್ದವು. ಅವಳು ನೋಡಿ, ಫೋನನ್ನು ಮೆತ್ತಗೆ ನನ್ನ ಮಡಿಲಿಗೆ ಹಾಕಿ ಹೋದಳು.

ಅವಳ ಗಂಡ ದೂರದ ಊರಿನ ಬಸ್ಸು ಓಡಿಸುವವನು. ವಾರದಲ್ಲಿ ಮೂರು ದಿನ ಮನೆಯಲ್ಲಿರುತ್ತಾನೆ. ಬುಧವಾರ ಊಟಕ್ಕೆ ಕೂತಾಗ ಸಮಾಧಾನ ಹೇಳಲು ಹೋದ.

“ನಾನು ಓಡಿಸೋ ಬಸ್ಸನ್ನ ನಾನೇ ಕಟ್ಟಿದ್ದಾ? ಯಾರೂ ಕೇಳಲ್ಲ. ಊರು ಮುಟ್ಟಿದ್ರೆ ಸಾಕು ಅವರಿಗೆ.”

“ಮುಂದಿನ ಸೀಟಲ್ಲಿ ಗೊಂಬೆ ಕೂರಿಸಿ, ನೋಡಿ ಬಸ್ಸು ತುಂಬಿದೆ ಅಂತೀಯಾ?”

ಅವನು ತಟ್ಟೆ ನೋಡಿಕೊಂಡು ಉಂಡ. ಅವಳು ಅರ್ಧಕ್ಕೇ ಎದ್ದಳು. ಈ ಕತೆಯ ಮೊದಲಿಗೆ ಬಂದ ಮಾತುಗಳನ್ನು ಅವಳು ನಡೆದಾಡುತ್ತ ನನಗೆ ಹೇಳಿದ್ದು ಆಗಲೇ.

“ಆ ಒಬ್ಬಳನ್ನ ತೆಗೆದುಬಿಟ್ರೆ ಆಗಲ್ವಾ?” ಎಂದು ಕೇಳಿದೆ.

“ತೆಗೆದ್ರೆ ಅಲ್ಲಿ ತೂತು ಬೀಳತ್ತೆ ದೊಡ್ಡಮ್ಮ. ಅದು ಯಾರಾದ್ರೂ ಮಾತಾಡ್ಬೇಕಾದ ಜಾಗ. ಮೂರು ಸಲ ಕೇಳಿದ್ದೆ, ನಿಮ್ಮ ಗಿರಾಕಿಗಳ ಮಾತು ಕಳಿಸಿ ಅಂತ. ಕಳಿಸ್ಲಿಲ್ಲ ಆ ಮನುಷ್ಯ.”

ಗುರುವಾರ ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡಳು. “ನನ್ನ ಕೈಲಿ ಆಗಲ್ಲ ಅಂತ ಹೇಳಿ ಬರ್ತೀನಿ. ಫೋನಲ್ಲಿ ಹೇಳಿದ್ರೆ ಹೇಡಿ ಅನ್ಸತ್ತೆ.” ನಮ್ಮ ಬಚ್ಚಲುಮನೆಯ ಬಾಗಿಲೂ ನೆಲಕ್ಕೆ ತಾಗಿ ಕಿರುಗುಡುತ್ತಿತ್ತು. ಅದನ್ನೂ ಹೇಳಿದ ಹಾಗಾಯಿತೆಂದು ನಾನೂ ಹೊರಟೆ. ನನ್ನ ಮಂಡಿಯ ನಡಿಗೆಯಲ್ಲಿಯೂ ಇಪ್ಪತ್ತೇ ನಿಮಿಷದ ದಾರಿ.

ಬಡಗಿಯ ಅಂಗಡಿ ಎಂದರೆ ತಗಡಿನ ಮಾಡಿನ ಉದ್ದನೆಯ ಕೊಟ್ಟಿಗೆ. ಗೋಡೆಗೆ ಒರಗಿದ ಬಾಗಿಲುಗಳು ಸರತಿಯಲ್ಲಿ ನಿಂತ ಜನರಂತೆ ಕಾಣುತ್ತಿದ್ದವು. ಹಿಂದಿನ ಗೋಡೆಯ ತುಂಬ ಮೊಳೆ ಹೊಡೆದು ತೆಳು ಹಲಗೆಯ ತುಂಡುಗಳನ್ನು ತೂಗುಹಾಕಿದ್ದರು. ಒಂದು ಬಾಗಿದ್ದು, ಒಂದು ದುಂಡನೆಯದು, ಒಂದು ಆನೆಯ ಕಿವಿಯಂಥದು. ಚಕ್ರ ಹೇಳಬೇಕೆಂದು ಬಂದದ್ದನ್ನು ಬಿಟ್ಟು ಅವುಗಳನ್ನೇ ನೋಡಿದಳು.

“ಇವೇನು ಸರ್?”

“ಅಚ್ಚು. ಕುರ್ಚಿ ಕೈ, ಕಮಾನು, ಮಂಚದ ಕಾಲು. ಮರದ ಮೇಲಿಟ್ಟು ಗೆರೆ ಎಳೆದು ಕೊಯ್ಯೋದು. ಮೇಲಿನ ಸಾಲು ನಮ್ಮಪ್ಪನ ಕಾಲದ್ದು.”

ನಾಲ್ಕು ದಿನದಲ್ಲಿ ಮೊದಲ ಸಲ ಅವಳ ಮುಖ ಅರಳಿತು. “ಹಾಗಾದ್ರೆ ನೀವೂ ಟೆಂಪ್ಲೇಟಲ್ಲೇ ಮಾಡೋದು.”

ಬಡಗಿ ಕಿವಿಯ ಸಂದಿಯಿಂದ ಪೆನ್ಸಿಲು ತೆಗೆದು, ಏನೂ ಬರೆಯದೆ ಮತ್ತೆ ಅಲ್ಲೇ ಇಟ್ಟರು. “ಹೌದಲ್ಲ. ಅದೂ ಸರಿ.”

“ಮತ್ತೆ ನನ್ನನ್ನ ಯಾಕೆ ಬೈದ್ರಿ?”

“ಬೈದಿಲ್ಲ. ಕೇಳಿ ಇಲ್ಲಿ. ಬಾಗಿಲಿನ ಅಳತೆಯನ್ನ ಗಿರಾಕಿ ಫೋನಲ್ಲೇ ಹೇಳ್ತಾರೆ. ಆರೂವರೆ ಅಡಿ, ಮೂರಡಿ. ಕೇಳಿಸ್ಕೋತೀನಿ, ಆದ್ರೆ ಕೊಯ್ಯಲ್ಲ. ಹೋಗಿ ನೋಡ್ತೀನಿ. ನೆಟ್ಟಗಿರೋ ಗೋಡೆಯನ್ನ ನಾನು ಇನ್ನೂ ಕಂಡಿಲ್ಲ ತಾಯಿ. ಮೇಲೆ ಮೂರಡಿ ಇದ್ರೆ ಕೆಳಗೆ ಒಂದು ಬೆರಳು ಕಡಿಮೆ ಇರತ್ತೆ. ಅಚ್ಚು ನನ್ನ ಅಂಗಡೀದು, ಆ ಒಂದು ಬೆರಳು ಆ ಮನೇದು. ನೀವು ಈ ಅಂಗಡಿಗೆ ಇವತ್ತೇ ಮೊದಲು ಬರ್ತಿರೋದು, ಅಲ್ವಾ?”

ಅವಳು ಕಾಲಬೆರಳಿನಿಂದ ಮರದ ಪುಡಿ ಕೆದಕುತ್ತ ನಿಂತಳು. “ಗಿರಾಕಿಗಳ ಮಾತು ಕಳಿಸಿ ಅಂತ ಮೂರು ಸಲ ಕೇಳಿದ್ದೆ.”

“ಕೇಳಿದ್ರಿ. ನನ್ನನ್ನ ಹೊಗಳಿ ಬರ್ಕೊಡಿ ಅಂತ ನಾನೇ ಹೋಗಿ ಕೇಳಲಾ? ನಾಚಿಕೆ ಆಯ್ತು, ಸುಮ್ಮನಾದೆ.”

ಚಕ್ರ ಅವರ ಅಳತೆಯ ಪುಸ್ತಕ ಕೇಳಿ ಇಸಿದುಕೊಂಡಳು. ಅದರಲ್ಲಿದ್ದ ವಿಳಾಸಗಳಲ್ಲಿ ಹತ್ತಿರದ ಮೂರನ್ನು ಬರೆದುಕೊಂಡಳು. ಆಗಲ್ಲ ಎಂದು ಹೇಳಲು ಬಂದ ಮಾತು ಅಲ್ಲೇ ಉಳಿಯಿತು.

ಮೊದಲ ಮನೆ ಮೂರನೇ ಮಹಡಿ. ನಾನು ಒಂದು ಮೆಟ್ಟಿಲು ಏರುವಷ್ಟರಲ್ಲಿ ಅವಳು ನಾಲ್ಕು ಏರಿ, ಇಳಿದು, ಮತ್ತೆ ಏರುತ್ತಿದ್ದಳು. ಬಾಗಿಲು ತೆರೆದಾಕೆ ನರ್ಸು. ಹೇಳಿದಳು: “ಮೊದಲು ಈ ಬಾಗಿಲು ಹಾಕಿದ್ರೆ ಇಡೀ ಮಹಡಿಗೆ ಗೊತ್ತಾಗ್ತಿತ್ತು. ಈಗ ನನ್ನ ಮಗ ಯಾವಾಗ ಬಂದ, ಯಾವಾಗ ಹೋದ, ನನಗೇ ಗೊತ್ತಾಗಲ್ಲ. ಇದನ್ನ ದೂರು ಅಂತ ಬರ್ಕೊಳ್ಳಿ.” ಎರಡನೆಯ ಮನೆಯ ಅಜ್ಜ, ತಮ್ಮ ನಾಯಿ ಹಳೆಯ ಬಾಗಿಲಿನ ಕೆಳಗಿನ ಸಂದಿಯಲ್ಲಿ ಮೂಗಿಟ್ಟು ಬೀದಿ ನೋಡುತ್ತಿತ್ತು, ಈಗ ಸಂದಿ ಇಲ್ಲದೆ ಅದಕ್ಕೆ ಬೇಜಾರು ಎಂದರು. ಮೂರನೆಯವರು ಪುಸ್ತಕಕ್ಕೆ ರಟ್ಟು ಕಟ್ಟುವವರು. “ಎರಡು ವಾರ ಅಂದೋರು ಐದು ವಾರ ಮಾಡಿದ್ರು. ಅದನ್ನೂ ಬರೀರಿ. ಆದ್ರೆ ಬಾಗಿಲಿಗೆ ಹೆಸರಿಡೋ ಹಾಗಿಲ್ಲ.”

ಮನೆಗೆ ಬಂದು ಅವಳು ಟೈಪು ಮಾಡಿದ್ದನ್ನು ನನಗೆ ಓದಿ ಹೇಳಿದಳು. ‘ಉತ್ತಮ ಗುಣಮಟ್ಟದ, ಶಬ್ದರಹಿತ ಬಾಗಿಲುಗಳು. ತೃಪ್ತಿಕರ ಸೇವೆ.’

“ಆ ನರ್ಸು ಹಾಗನ್ನಲಿಲ್ಲ” ಎಂದೆ.

“ಅರ್ಥ ಅದೇ ಅಲ್ವಾ?”

“ಇದು ಆ ಗೊಂಬೆ ಆಡೋ ಮಾತು.”

ಅವಳು ನನ್ನನ್ನು ಸ್ವಲ್ಪ ಹೊತ್ತು ದುರುಗುಟ್ಟಿ ನೋಡಿ, ಅಳಿಸಿದಳು. ಮೂವರೂ ಹೇಗೆ ಆಡಿದ್ದರೋ ಹಾಗೇ ನಾನು ಹೇಳಿದೆ, ಅವಳು ಬರೆದುಕೊಂಡಳು. ನೀಲಿ ಪಟ್ಟಿ ಹಾಗೇ ಇತ್ತು, ಚಿತ್ರಗಳು ಅದೇ ಕಡೆಯಿಂದ ಜಾರಿ ಬಂದವು. ಬಿಳಿ ಅಂಗಿಯವಳಿದ್ದ ದುಂಡು ಚೌಕಟ್ಟಿನಲ್ಲಿ ಈಗ ನಾಯಿ ಕೂತಿತ್ತು, ಹೊಸ ಬಾಗಿಲಿಗೆ ಬೆನ್ನು ತಿರುಗಿಸಿ.

ಶುಕ್ರವಾರ ಬಡಗಿ ಅದನ್ನು ನೋಡಿ ಫೋನು ಮಾಡಿದರು. ಚಕ್ರ ಸ್ಪೀಕರು ಹಾಕಿ ಕೋಣೆಯ ಸುತ್ತ ಸುತ್ತಿದಳು.

“ಐದು ವಾರ ಅಂತ ಬರೀಲೇಬೇಕಾ?”

“ಅವರು ಹೇಳಿದ್ದು ಅದೇ ಸರ್.”

“ನಾಲ್ಕೂವರೆ ಅದು. ಇರ್ಲಿ ಬಿಡಿ. ನಾಯಿ ಚೆನ್ನಾಗಿದೆ.”

ಶನಿವಾರ ಸಭೆ ಮುಗಿದ ಮೇಲೆ ಅವರೇ ಫೋನು ಮಾಡಿದರು. ಸೈಟಿನ ಚೌಕಟ್ಟು ಕೊಂಡದ್ದು, ಹಲ್ಲಿನ ಡಾಕ್ಟರ ಹತ್ತಿರವೂ ಇದೇ ಇದೆ, ಒಳಗಿನ ಮಾತು ಮಾತ್ರ ನನ್ನ ಗಿರಾಕಿಗಳದ್ದು ಎಂದು ತಾವೇ ಮೊದಲು ಹೇಳಿಬಿಟ್ಟರಂತೆ. ಒಬ್ಬ, ಹಾಗಾದರೆ ಹಲ್ಲು ನೋವಿಗೆ ನಿನ್ನ ಹತ್ತಿರವೇ ಬರಬಹುದಲ್ಲ ಎಂದನಂತೆ. ಇನ್ನೊಬ್ಬ, ಚೌಕಟ್ಟು ಅಂಗಡಿಯಲ್ಲಿ ಸಿಗುವುದಾದರೆ ನಾನೇ ಕೊಂಡುಕೊಳ್ಳುತ್ತೇನೆ, ಆಕೆ ಯಾಕೆ ಎಂದನಂತೆ.

“ಅವನು ಹಾಗಂದಿದ್ದು ಕೇಳಿ ಸುಮಾರು ಜನ ತಲೆ ಆಡಿಸಿದ್ರು ಮೇಡಂ, ಸುಳ್ಳು ಹೇಳಲ್ಲ. ನಿಮ್ಮ ನಂಬರು ತಗೊಂಡಿದ್ದು ಮೂರು ಜನ.”

“ಮೂರೇನಾ?”

“ಮೂರು. ಅವರ ಅಂಗಡಿಗೆ ಬಂದು ನೋಡಿಯೇ ನೀವು ಮಾಡ್ತೀರಿ ಅಂತ ಹೇಳಿದ್ದೀನಿ. ಬೆಳಿಗ್ಗೆ ಎಂಟಕ್ಕೆ ಹೋಗಿ, ಆಮೇಲೆ ಗರಗಸದ ಸದ್ದು.”

ನಲವತ್ತು ಎಂದುಕೊಂಡದ್ದು ಮೂರಕ್ಕೆ ಬಂದು ನಿಂತಿತ್ತು. ಅವಳು ಫೋನಿಟ್ಟು ಕಿಟಕಿ ತೆರೆದಳು, ಮುಚ್ಚಿದಳು. ಕುರ್ಚಿಯಲ್ಲಿ ಕೂತು ಒಂದು ಚೀಟಿಯ ಮೇಲೆ ಬರೆಯತೊಡಗಿದಳು. ಹಲ್ಲಿನ ಡಾಕ್ಟರು, ಕಾರು ಕಲಿಸುವವರು, ಕನ್ನಡಕದ ಅಂಗಡಿ, ಲಾಂಡ್ರಿಯಮ್ಮ. ಬಡಗಿಯನ್ನು ಬಿಟ್ಟು ಹತ್ತು. ಬರೆದ ಚೀಟಿ ಒಂದು ದಿನ ಮೇಜಿನ ಮೇಲಿತ್ತು. ಮರುದಿನ ಅವಳ ಜೇಬಿಗೆ ಹೋಯಿತು.

ಸೋಮವಾರ ಬೆಳಿಗ್ಗೆ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆವು. ಅವಳು ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು, ಆಗಲೇ ಹಿಂಡಿದ್ದ ಅಂಗಿಯನ್ನು ಮತ್ತೆ ಹಿಂಡುತ್ತಿದ್ದಳು.

“ಡಾಕ್ಟ್ರೇ, ನಿಮ್ಮ ಸೈಟಲ್ಲಿ ಕೆಳಗೆ ಒಬ್ಬ ಹೆಂಗಸಿದಾಳಲ್ಲ, ಅವಳು ನಿಮ್ಮ ಪೇಷಂಟ್ ಅಲ್ಲ. ಯಾರೂ ಅಲ್ಲ. ತೆಗೀಬೇಕಿತ್ತು, ನಾನು ತೆಗೀಲಿಲ್ಲ.”

ಅವಳು ತಂತಿಯ ಈ ತುದಿಯಿಂದ ಆ ತುದಿಗೆ ನಡೆದಳು. ಆಮೇಲೆ ಡಾಕ್ಟರು ಬಹಳ ಹೊತ್ತು ಮಾತಾಡಿದರು. ಏನೆಂದರೋ, ಇವಳ ಕಿವಿ ಮಾತ್ರ ಕೆಂಪಾಯಿತು.

“ಹೌದು, ನನ್ನದೇ ತಪ್ಪು. ನಾಳೆ ಬರ್ತೀನಿ. ನಿಮ್ಮ ಪೇಷಂಟ್‌ಗಳ ಜೊತೆ ಮಾತಾಡ್ಬೇಕು. ಇಲ್ಲ, ಹಲ್ಲು ತೋರಿಸೋಕಲ್ಲ.”

ಫೋನು ಜೇಬಿಗೆ ಹಾಕಿ ಚೀಟಿಯನ್ನೊಮ್ಮೆ ನೋಡಿಕೊಂಡಳು. ಬಕೆಟಿನ ತಳದಲ್ಲಿ ಹಾಸಿಗೆಯ ದೊಡ್ಡ ಹೊದಿಕೆಯೊಂದೇ ಉಳಿದಿತ್ತು. ಅವಳು ಒಂದು ತುದಿ ಹಿಡಿದಳು, ನಾನು ಇನ್ನೊಂದು ತುದಿ ಹಿಡಿದೆ. ಇಬ್ಬರೂ ಎದುರುಬದುರು ತಿರುವಿ ನೀರು ಹಿಂಡಿದೆವು, ಕೊಡವಿದೆವು, ತಂತಿಯ ಮೇಲೆ ಹರವಿದೆವು.