ದೊರೆ ಬಿಟ್ಟುಹೋದ ದೋಣಿ

ನಮ್ಮವರು ಉರಿಗಾಂನಲ್ಲಿ ಚಿನ್ನದ ಗಣಿಯ ಸ್ಟೋರಿನ ಗುಮಾಸ್ತರಾಗಿದ್ದರು. ಬೋಲ್ಟು, ನಟ್ಟು, ಬೂಟು, ಹಗ್ಗ ಎಣಿಸಿ ಕೊಡುವುದು ಅವರ ಕೆಲಸ. ಎಣಿಸಲು ಬಂದರೆ ಬಳಸಲೂ ಬರುತ್ತದೆ ಎಂದು ಅವರು ಹೇಗೋ ನಂಬಿಕೊಂಡಿದ್ದರು. ಐವತ್ತರ ದಶಕದ ಕೊನೆಯಲ್ಲಿ ಬಿಳಿಯ ಅಧಿಕಾರಿಗಳು ಒಬ್ಬೊಬ್ಬರಾಗಿ ಊರು ಬಿಡುತ್ತಿದ್ದರು. ಅವರಲ್ಲೊಬ್ಬ ದೊರೆ, ಕೆರೆಯಲ್ಲಿ ಬಾತುಕೋಳಿ ಹೊಡೆಯಲೆಂದು ತರಿಸಿಕೊಂಡಿದ್ದ ಅಲ್ಯೂಮಿನಿಯಂ ದೋಣಿಯೊಂದನ್ನು ಬಂಗಲೆಯ ಹಿಂದೆ ಬಿಟ್ಟಿದ್ದ. ಬೇಕಾದವರು ಹೊತ್ತುಕೊಂಡು ಹೋಗಲಿ ಎಂದನಂತೆ. ಬುದ್ಧಿ ಇದ್ದವರು ಅವನ ಕುರ್ಚಿ, ಬೀರು, ಗಡಿಯಾರ ಹೊತ್ತರು. ನಮ್ಮವರು ದೋಣಿ ಹೊತ್ತರು.

ಅದು ಮನೆಗೆ ಬಂದಾಗ ನಾನು ರಾಗಿ ಬೀಸುತ್ತಿದ್ದೆ. ಹೊರಗೆ ಬಂದು ನೋಡಿದರೆ, ಒಳಗೆಲ್ಲ ಕೋಳಿ ಹಿಕ್ಕೆ, ಹೊರಗೆಲ್ಲ ಸಿಪ್ಪೆಯೆದ್ದ ಹಸಿರು ಬಣ್ಣ. ನಮ್ಮದು ಸಾಲುಮನೆ. ಜಗಲಿ ಅದಕ್ಕೆ ಸಾಲದೆ ಮೂತಿ ಪಕ್ಕದ ಮನೆಯ ಬಾಗಿಲಿಗೆ ಅಡ್ಡ ಬಂದಿತ್ತು.

"ಇದ್ಯಾಕೆ?" ಎಂದೆ.

"ದೋಣಿ ಕಣೇ. ರಿಪೇರಿ ಮಾಡಿದ್ರೆ ಒಸದಾಗ್ತದೆ."

"ಇಲ್ಲಿ ಕುಡಿಯೋಕೇ ನೀರಿಲ್ಲ. ಇದನ್ನ ಎಲ್ಲಿ ಬಿಡ್ತೀರಿ?"

"ಮೊದ್ಲು ರಿಪೇರಿ ಆಗ್ಲಿ. ನೀರು ಎಲ್ಲಾದ್ರೂ ಇದ್ದೇ ಇರ್ತದೆ."

ಅಷ್ಟು ಯೋಚನೆ ಮಾಡಿಯೇ ಅವರು ಕೆಲಸಕ್ಕೆ ಕೈಹಾಕಿದ್ದು.

ಭಾನುವಾರ ಬಂಗಾರಪೇಟೆಯಿಂದ ರೈಲಿನಲ್ಲಿ ನಮ್ಮ ಭಾವನವರು ಬಂದಿಳಿದರು. ಇವರ ಅಣ್ಣ. ಅಲ್ಲಿನ ಗೂಡ್ಸ್ ಶೆಡ್ಡಿನಲ್ಲಿ ಮೂಟೆಗಳ ಲೆಕ್ಕ ಬರೆಯುತ್ತಿದ್ದರು. ಒಂದು ಸಲ ಮದರಾಸಿಗೆ ಹೋಗಿ ಸಮುದ್ರ ನೋಡಿ ಬಂದಿದ್ದರು. ಸಮುದ್ರ ನೋಡಿದವರಿಗೆ ದೋಣಿಯೂ ಗೊತ್ತಿರುತ್ತದೆ ಎಂಬುದು ಆ ಮನೆತನದ ತರ್ಕ. ತಮ್ಮನು ತೆಂಗಿನ ಚಿಪ್ಪಿನಿಂದ ಬಣ್ಣ ಹೆರೆಯುತ್ತಿದ್ದುದನ್ನು ನೋಡಿ ಅವರು ನಕ್ಕರು.

"ಇಂಗೆ ಎರೀತಾ ಕೂತ್ರೆ ವರ್ಷ ಆಗ್ತದೆ ಕಣ್ಲಾ. ಕಾಸ್ಟಿಕ್ ಸೋಡಾ ಕಲಸಿ ಉಯ್ಯಿ. ಬಣ್ಣ ತಾನೇ ಬಿಟ್ಕೊಂಡ್ ಬತ್ತದೆ."

ಅಲ್ಯೂಮಿನಿಯಂ ತಪ್ಪಲೆಗೆ ಸೋಡಾ ಹಾಕಿದರೆ ಏನಾಗುತ್ತದೆಂದು ನಮ್ಮ ಸಾಲಿನ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಿದ್ದಳು. ನಾನೂ ಹೇಳಿದೆ. "ಕಪ್ಪಗಾಗಿ ತಿಂದಾಕ್ತದೆ ಭಾವಾ."

"ಅದು ಪಾತ್ರೆ ಕಣಮ್ಮಾ," ಎಂದರು ಭಾವನವರು. "ಇದು ದೋಣಿ."

ಸೋಡಾ ಹೊಯ್ದರು. ದೋಣಿ ಕುದಿಯುವ ಎಸರಿನಂತೆ ಬುಸುಗುಟ್ಟಿತು. ಬಣ್ಣ ಬಿಟ್ಟಿತು, ನಿಜ. ಅದರ ಜೊತೆಗೆ ಲೋಹವೂ ಬಿಟ್ಟಿತು. ತೊಳೆದು ನೋಡಿದರೆ ಹೊಟ್ಟೆಯೆಲ್ಲ ಕಾಡಿಗೆ ಬಳಿದಂತಾಗಿ, ಅಲ್ಲಲ್ಲಿ ಬಿಸಿಲು ತೂರುವ ಸಣ್ಣ ತೂತುಗಳು. ಅಣ್ಣತಮ್ಮಂದಿರು ಅವನ್ನು ಬಹಳ ಹೊತ್ತು ನೋಡಿದರು. ಆ ತೂತುಗಳು ಮೊದಲೇ ಇದ್ದವು, ಬಣ್ಣ ಮುಚ್ಚಿಕೊಂಡಿತ್ತು ಅಷ್ಟೇ ಎಂದು ಭಾವನವರು ತೀರ್ಮಾನ ಕೊಟ್ಟರು. ನಮ್ಮವರು ತಲೆಯಾಡಿಸಿದರು. ತಲೆಯಾಡಿಸುವುದರಲ್ಲಿ ಅವರು ಹೊಸಬರಾಗಿರಲಿಲ್ಲ.

ಆಮೇಲೆ ರಿವೆಟ್ಟುಗಳ ಸರದಿ. ಸಡಿಲವಾದವನ್ನು ಬಿಗಿ ಮಾಡಲು ಒಬ್ಬರು ಒಳಗಿನಿಂದ ಭಾರದ ಕಬ್ಬಿಣ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಹೊರಗಿನಿಂದ ಬಡಿಯಬೇಕು. ಭಾವನವರು ಬೋರಲು ಹಾಕಿದ್ದ ದೋಣಿಯ ಕೆಳಗೆ ತೂರಿಕೊಂಡರು. ಇವರು ಬಡಿದರು. ಮೊದಲ ಪೆಟ್ಟಿಗೇ ಒಳಗಿನಿಂದ ಕೂಗು ಬಂತು. ಭಾವನವರು ಎರಡು ಕಿವಿಗಳನ್ನೂ ಮುಚ್ಚಿಕೊಂಡು ಹೊರಗೆ ಬಂದರು, ಮತ್ತೆ ಒಳಗೆ ಹೋಗಲಿಲ್ಲ. ಮುಂದಿನ ಭಾನುವಾರಗಳಲ್ಲಿ ಕಬ್ಬಿಣ ಹಿಡಿದು ಒಳಗೆ ಕೂತವಳು ನಾನು. ಕಿವಿಗೆ ಹತ್ತಿ ತುರುಕಿಕೊಂಡಿದ್ದೆ. ಭಾವನವರು ಜಗಲಿಯ ಮೇಲೆ ಕೂತು, ನಾನು ಮಾಡಿಟ್ಟ ಕಾಫಿ ಕುಡಿಯುತ್ತಾ, ಎಲ್ಲಿ ಬಡಿಯಬೇಕೆಂದು ಬೆರಳು ತೋರಿಸುತ್ತಿದ್ದರು.

ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ನೀರು ತುಂಬಿಸಿದ ದಿನ. ಒಳಗೆ ನೀರು ತುಂಬಿಸಿ, ಹೊರಗೆ ಎಲ್ಲಿ ಒಸರುತ್ತದೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಬೇಕಂತೆ. ನಮ್ಮ ಸಾಲಿಗೆಲ್ಲ ಒಂದೇ ನಲ್ಲಿ. ಬೆಳಿಗ್ಗೆ ಸ್ವಲ್ಪ ಹೊತ್ತು ನೀರು ಬಿಡುತ್ತಿದ್ದರು. ನಮ್ಮವರು ಬೇಗನೆದ್ದು ದೋಣಿಯನ್ನು ನಲ್ಲಿಯ ಹತ್ತಿರ ಎಳೆಸಿ, ಬಕೆಟ್ಟಿನ ಮೇಲೆ ಬಕೆಟ್ಟು ಸುರಿದರು. ಹೆಂಗಸರು ಕೊಡ ಹಿಡಿದು ಬರುವಷ್ಟರಲ್ಲಿ ಅರ್ಧ ದೋಣಿ ತುಂಬಿತ್ತು, ನಲ್ಲಿ ಗೊರಗೊರ ಎನ್ನುತ್ತಿತ್ತು.

ಅವರು ಆಗಲೇ ಸೀಮೆಸುಣ್ಣ ತರಲು ಹೋಗಿದ್ದರಿಂದ ಜಗಳ ಅವರ ಮೇಲೆ ಬೀಳಲಿಲ್ಲ. ಗಂಡಸರು ಹೊರಗೆ ಹೋಗುತ್ತಾರೆ, ಜಗಳಕ್ಕೆ ಹೆಂಡತಿ ಸಿಗುತ್ತಾಳೆ. ಪಕ್ಕದ ಮನೆಯ ತಮಿಳು ಹೆಂಗಸು ಸೊಂಟಕ್ಕೆ ಕೈಕೊಟ್ಟು ನಿಂತು ಕೇಳಿದಳು: "ಯೇನಮ್ಮಾ, ನಿಮ್ ವೀಟ್ಟುಕಾರರಿಗೆ ಪೈತ್ಯಮಾ?"

ನಿಮ್ಮ ಯಜಮಾನರಿಗೆ ಹುಚ್ಚೇ ಎಂದು ಅವಳು ಕೇಳಿದ್ದು. ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. "ತಗೊಳ್ಳಿ ಅಕ್ಕಾ, ಇದ್ರಾಗೇ ಮೊಗೆದ್ಕೊಳ್ಳಿ," ಎಂದೆ. ಕುಡಿಯಲಿಕ್ಕಲ್ಲ, ಪಾತ್ರೆ ಬಟ್ಟೆಗೆ ಎಂದುಕೊಂಡು ಎಲ್ಲರೂ ಮೊಗೆದುಕೊಂಡು ಹೋದರು. ನಮ್ಮವರು ಸೀಮೆಸುಣ್ಣ ತರುವಷ್ಟರಲ್ಲಿ ದೋಣಿ ಖಾಲಿ. ಎಲ್ಲಿ ಸೋರುತ್ತಿತ್ತೆಂದು ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಇಡೀ ಹೊಟ್ಟೆಗೆ ಡಾಂಬರು ಬಳಿದರು. ಒಂದು ತಿಂಗಳು ನಮ್ಮ ಮನೆ ಹೊಸ ರಸ್ತೆಯಂತೆ ನಾರಿತು.

ಮಳೆಗಾಲ ಕಳೆದ ಮೇಲೆ ದೋಣಿಯನ್ನು ಎತ್ತಿನ ಗಾಡಿಯ ಮೇಲೆ ಕಟ್ಟಿ, ಕ್ಯಾಸಂಬಳ್ಳಿಯ ಆಚೆ ನನ್ನ ತವರಿನ ಕೆರೆಗೆ ಕೊಂಡೊಯ್ದೆವು. ಆ ವರ್ಷ ಕೆರೆ ಕೋಡಿ ಬಿದ್ದಿತ್ತು. ಭಾವನವರು ಇಸ್ತ್ರಿ ಮಾಡಿದ ಜುಬ್ಬಾ ಹಾಕಿದ್ದರು. ನೀರಿಗೆ ನೂಕಿದಾಗ ದೋಣಿ ತೇಲಿತು. ಅದು ನನಗೇ ಆಶ್ಚರ್ಯ. ನಮ್ಮವರು ಹಗ್ಗ ಹಿಡಿದು ದಡದಲ್ಲಿ ನಿಂತರು. ನಿಂತೇ ಇದ್ದರು.

"ಅತ್ತಿ ಕೂತ್ಕಳ್ಲಾ," ಎಂದರು ಭಾವನವರು. "ನಿಂದೇ ಅಲ್ವಾ ದೋಣಿ."

"ನೀನು ದೊಡ್ಡೋನು ಅಣ್ಣಾ. ಮೊದ್ಲು ನೀನತ್ತು."

"ನಂಗೆ ಮೊಣಕಾಲು ನೋವು."

ಆಗ ನನಗೆ ಹೊಳೆಯಿತು. "ನಿಮ್ಮಿಬ್ಬರಿಗೂ ಈಜು ಬರಾಕಿಲ್ವಾ?"

ನಮ್ಮವರು ಹಗ್ಗ ನೋಡಿದರು. ಭಾವನವರು ಆಕಾಶ ನೋಡಿ ಹೇಳಿದರು: "ಈಜು ಯಾಕಮ್ಮಾ ಬೇಕು? ದೋಣಿ ಇರೋದೇ ಈಜದೆ ಓಗೋಕೆ."

ಆರು ತಿಂಗಳು ನಾನು ಕಿವಿಗೆ ಹತ್ತಿ ತುರುಕಿಕೊಂಡು ಕೂತಿದ್ದುದು ಈ ಇಬ್ಬರಿಗಾಗಿ. ಅದೇ ಕೆರೆಯಲ್ಲಿ ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವಳು ನಾನು. ಸೀರೆ ಎತ್ತಿ ಕಚ್ಚೆ ಹಾಕಿಕೊಂಡೆ, ಗಾಡಿಯಲ್ಲಿದ್ದ ಬಿದಿರು ಗಳ ಎಳೆದುಕೊಂಡೆ, ಹತ್ತಿದೆ. ಯಾರೂ ತಡೆಯಲಿಲ್ಲ.

ಗಳ ಊರಿ ಆಳದವರೆಗೆ ಹೋದೆ. ಕಾಲಡಿಯಲ್ಲಿ ತಣ್ಣಗೆ ನೀರು ಒಸರುತ್ತಿತ್ತು. ಚೊಂಬಿನಿಂದ ಮೊಗೆದು ಚೆಲ್ಲುತ್ತಾ, ಮತ್ತೆ ತಳ್ಳುತ್ತಾ ಹೋದೆ. ಕೆರೆಯ ನಡುವಿನಿಂದ ನಮ್ಮೂರನ್ನು ನಾನು ಅದುವರೆಗೆ ನೋಡಿರಲಿಲ್ಲ. ಈಜುವವರಿಗೆ ತಲೆಯೆತ್ತಿ ನೋಡಲು ಪುರುಸೊತ್ತಿರುವುದಿಲ್ಲ. ಏರಿಯ ಹುಣಸೆಮರಗಳು, ನಮ್ಮಮ್ಮನ ಮನೆಯ ಹೆಂಚು, ಎಲ್ಲ ಯಾರೋ ಒರೆಸಿಟ್ಟಂತೆ ಕಾಣುತ್ತಿದ್ದವು. ದಡದಿಂದ "ಎಡಕ್ಕೆ ಓಗು, ಎಡಕ್ಕೆ," ಎಂಬ ಭಾವನವರ ಕೂಗು ಕೇಳುತ್ತಿತ್ತು. ನಾನು ಬಲಕ್ಕೆ ಹೋದೆ.

ದೋಣಿಯನ್ನು ಅಲ್ಲೇ ಬಿಟ್ಟು ಬಂದೆವು. ಗಾಡಿಯಲ್ಲಿ ಭಾವನವರು ದಾರಿಯುದ್ದಕ್ಕೂ ಮದರಾಸಿನ ಅಲೆಗಳ ವಿಷಯ ಮಾತಾಡಿದರು. ಅವರು ತೂಕಡಿಸಿದ ಮೇಲೆ ನಮ್ಮವರು ಮೆಲ್ಲಗೆ ಕೇಳಿದರು: "ನಡು ಕೆರೇಲಿ ಎಂಗಿತ್ತು?"

"ಸೋರ್ತಿತ್ತು," ಎಂದೆ.

ಅವರು ಅಣ್ಣನ ತಲೆ ಗಾಡಿಯ ಗೂಟಕ್ಕೆ ಬಡಿಯದಂತೆ ಟವೆಲು ಮಡಿಸಿ ಇಟ್ಟರು. ಊರಿನಲ್ಲಿ ಮೀನು ಹಿಡಿಯುವವರು ಎರಡು ಮಳೆಗಾಲ ಆ ದೋಣಿಯಲ್ಲಿ ಬಲೆ ಬೀಸಿದರು. ನಮ್ಮವರು ಸ್ಟೋರಿನಲ್ಲಿ, ಕೇಳಿದವರಿಗೂ ಕೇಳದವರಿಗೂ, ಅಲ್ಯೂಮಿನಿಯಂಗೆ ಸೋಡಾ ತಾಗಿಸಬಾರದೆಂದು ಬುದ್ಧಿ ಹೇಳುತ್ತಿದ್ದರಂತೆ.