ರಿವೈಂಡ್ ಮಾಡದ ಕ್ಯಾಸೆಟ್ಟು

ಡಬ್ಬಿಯ ಮುಚ್ಚಳ ತೆರೆದೊಡನೆ ಬೂಷ್ಟು ಹಿಡಿದ ಪ್ಲಾಸ್ಟಿಕ್ಕಿನ ವಾಸನೆ ಬಂತು. ಅದರ ಹಿಂದೆ, ತೀರಾ ತೆಳುವಾಗಿ, ಕರ್ಪೂರ. ಮಳೆಗಾಲದ ತೇವಕ್ಕೆ ಹೆದರಿ ವಿಡಿಯೊ ಕ್ಯಾಸೆಟ್ಟಿನ ಡಬ್ಬಿಗಳಲ್ಲಿ ಕರ್ಪೂರದ ಬಿಲ್ಲೆ ಇಡುತ್ತಿದ್ದವರು ನಾನು ಕಂಡಂತೆ ಒಬ್ಬರೇ: ಕೋಟೇಶ್ವರದ ಹೆದ್ದಾರಿ ಬದಿಯಲ್ಲಿ ವಿಡಿಯೊ ಲೈಬ್ರರಿ ನಡೆಸುತ್ತಿದ್ದವರು. ಅವರು ತೀರಿಕೊಂಡು ವರ್ಷಗಳಾದವು. ಕಳೆದ ತಿಂಗಳು ಅವರ ಮಗಳು ಇದನ್ನು ನನ್ನ ಮೇಜಿನ ಮೇಲಿಟ್ಟು, "ಅಪ್ಪಯ್ಯ ನಿಮ್ಗೇ ಕೊಡ್ಕ್ ಅಂದಿದ್ರ್" ಎಂದಳು. ಡಬ್ಬಿಯ ಮೇಲೆ ಅವರದೇ ಕೈಬರಹ: ರಿವೈಂಡ್ ಮಾಡಬೇಡಿ.

ಅದು ಅವರ ಸ್ವಭಾವಕ್ಕೆ ಒಗ್ಗದ ಮಾತು. ರಿವೈಂಡ್ ಮಾಡದೆ ತಂದವರನ್ನು ಮೆಟ್ಟಿಲಲ್ಲೇ ನಿಲ್ಲಿಸಿ, "ಹ್ವಾಯ್, ಉಂಡ್ಕಂಡ್ ಬಾಳಿ ಎಲಿ ಅಲ್ಲೇ ಬಿಟ್ ಬಪ್ದಾ ನೀವ್?" ಎಂದು ಬೀದಿಗೆಲ್ಲ ಕೇಳುವಂತೆ ಗೇಲಿ ಮಾಡುತ್ತಿದ್ದವರು ಅವರು.

ನಾನು ಆಗ ಕುಂದಾಪುರದ ಚಿತ್ರಸಮಾಜವೊಂದರ ಕಾರ್ಯದರ್ಶಿ. ಭಾನುವಾರ ಮಧ್ಯಾಹ್ನದ ಪ್ರದರ್ಶನಗಳಿಗೆ ಕ್ಯಾಸೆಟ್ಟು ಅವರ ಅಂಗಡಿಯದು. ಈ ಡಬ್ಬಿಯಲ್ಲಿರುವ ಐರಿಷ್ ಹಾಸ್ಯಚಿತ್ರ ಮುಂಬಯಿಯಿಂದ ಅವರ ಭಾವ ಕಳಿಸಿದ ಕಟ್ಟಿನಲ್ಲಿ ಬಂದಿತ್ತು. ನನ್ನ ಬಳಿಯ ಯಾವ ಗ್ರಂಥದಲ್ಲೂ ಅದಕ್ಕೆ ಅರ್ಧ ಸಾಲಿಗಿಂತ ಹೆಚ್ಚು ಸ್ಥಳವಿರಲಿಲ್ಲ. ಡಬ್ಲಿನ್ನಿನ ಬಂದರು ಕೂಲಿಗಳ ಓಣಿ. ಇಡೀ ಓಣಿಗೆ ಒಂದೇ ಒಳ್ಳೆಯ ಸೂಟು. ಮದುವೆ, ಸಂದರ್ಶನ, ನ್ಯಾಯಾಲಯ, ಎಲ್ಲಕ್ಕೂ ಸರದಿಯಲ್ಲಿ ಅದನ್ನೇ ತೊಡಬೇಕು. ಮುದುಕನೊಬ್ಬ ಸತ್ತಾಗ ಗಡಿಬಿಡಿಯಲ್ಲಿ ಶವಕ್ಕೆ ಅದನ್ನೇ ತೊಡಿಸಿಬಿಡುತ್ತಾರೆ. ಮರುದಿನ ಬೆಳಿಗ್ಗೆ ಮಗನಿಗೆ ಕೆಲಸದ ಸಂದರ್ಶನ! ಶವದ ಸುತ್ತ ಚಹಾ ಕುಡಿಯುತ್ತ, ಪ್ರಾರ್ಥನೆಯ ನಡುವೆ ಗುಂಡಿಗಳತ್ತ ಕದ್ದು ನೋಡುವ ಆ ಮುಖಗಳು... ಬಡತನವನ್ನು ತೋರಿಸಿಯೂ ಎಲ್ಲೂ ಕನಿಕರ ಬೇಡದ ಚಿತ್ರ ಅದು.

"ಐರ್ಲೆಂಡ್ ಅಂಬ್ದ್ ಹೆಸ್ರಿಗ್ ಮಾತ್ರ ಮಾಷ್ಟ್ರೆ. ಕಾಣಿ, ನಮ್ ಕೇರಿಯೇ" ಎಂದಿದ್ದರು ಅಂಗಡಿಯವರು.

ಪ್ರದರ್ಶನದ ದಿನ ಟಿ.ವಿ.ಯ ಪಕ್ಕ ನಿಂತು ಪ್ರತಿ ಮಾತನ್ನೂ ಕುಂದಾಪ್ರ ಕನ್ನಡಕ್ಕೆ ತಿರುಗಿಸುತ್ತಿದ್ದರು. ಮೀನು ಮಾರುತ್ತಿದ್ದ ಅವರ ತಾಯಿ ಬುಟ್ಟಿಯನ್ನು ಹೊರಗಿಟ್ಟು ಕೊನೆಯ ಸಾಲಿನಲ್ಲಿ ಕೂತಿದ್ದರು. ಸಭೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವರು ಅವರೇ. ಮಗನ ಕೈ ಶವದ ಕೋಟಿನ ಗುಂಡಿಯತ್ತ ಚಾಚಿದಾಗ ನಮ್ಮ ಅಧ್ಯಕ್ಷರು ಎದ್ದು ನಿಂತರು.

"ನಿಲ್ಸಿ ಮರಾಯ್ರೆ! ಹೆಣದ್ ಮುಂದ್ ನಗೂದಾ? ಇದ್ ಮೀನ್‌ಪೇಟಿಗ್ ಸಮ."

ವಿ.ಸಿ.ಆರ್.ನ ಗುಂಡಿ ಒತ್ತಲಾಯಿತು. ಕೊನೆಯ ಸಾಲಿನಿಂದ ಅವರ ತಾಯಿಯ ದನಿ: "ಮಗಾ, ಕಡಿಗ್ ಎಂತ ಆಯ್ತ್?"

"ಬಾಯಗ್ ಹೇಳ್ರೆ ನಗಿ ಬತ್ತಿಲ್ಲೆ ಅಬ್ಬಿ" ಎಂದಷ್ಟೇ ಹೇಳಿ ಅವರು ಕ್ಯಾಸೆಟ್ಟನ್ನು ಹೊರತೆಗೆದರು.

ಸಮಾಜದ ಪತ್ರಿಕೆಯಲ್ಲಿ ಅಧ್ಯಕ್ಷರ ಲೇಖನ ಬಂತು. ಚಿತ್ರವನ್ನು ತಾವು ಕೊನೆಯವರೆಗೆ ನೋಡಿದ್ದಾಗಿಯೂ, ತಂದೆಯ ಶವವನ್ನು ಬೆತ್ತಲೆಗೊಳಿಸಿ ಮಗ ಕೆಲಸಕ್ಕೆ ಓಡುವುದೇ ಅದರ ಮುಕ್ತಾಯವೆಂದೂ, ಇಂಥ ಕೊಳಕು ಹಂಚುವ ಅಂಗಡಿಯನ್ನು ಸಂಸಾರಸ್ಥರು ದೂರವಿಡಬೇಕೆಂದೂ ಬರೆದಿದ್ದರು. ಜನ ದೂರವಿಟ್ಟರು. ಅಂಗಡಿಯವರು ಎದುರಾಡಲಿಲ್ಲ. "ಟೇಪ್ ನಿಂತಲ್ಲೇ ಇರ್ಲಿ ಮಾಷ್ಟ್ರೆ. ಒಂದಿನ ಸಾಕ್ಷಿಗ್ ಬೇಕಾತ್ತ್" ಎಂದರು. ಅದನ್ನು ಮುಂದಕ್ಕೂ ಓಡಿಸಲಿಲ್ಲ, ಹಿಂದಕ್ಕೂ ಸುತ್ತಲಿಲ್ಲ. ಅವರ ತಾಯಿ ಚಿತ್ರದ ಕೊನೆ ಕಾಣದೆಯೇ ತೀರಿಕೊಂಡರು...

ಆ ಅಧ್ಯಕ್ಷರಿಗೆ ಈಗ ಅಭಿನಂದನ ಗ್ರಂಥ ಸಿದ್ಧವಾಗುತ್ತಿದೆ. ಅವರ ಲೇಖನಗಳ ತಾರೀಖು ಪರಿಶೀಲಿಸಿ ಟಿಪ್ಪಣಿ ಬರೆಯುವ ಹೊಣೆ ನನ್ನದು. ಪಟ್ಟಿಯಲ್ಲಿ ಈ ಲೇಖನವನ್ನು ಕಂಡಾಗ ಆದ ಸಂತೋಷ ಸಜ್ಜನನಿಗೆ ಸಲ್ಲುವಂಥದ್ದಲ್ಲ; ಅದನ್ನು ಮುಚ್ಚಿಡುವುದೂ ಇಲ್ಲ. ಪತ್ರಿಕೆ, ನನ್ನ ದಿನಚರಿ, ಹಳೆಯ ಪಂಚಾಂಗ, ಮೂರನ್ನೂ ತಾಳೆ ನೋಡಿದೆ. ಪ್ರದರ್ಶನ ಭಾನುವಾರವೇ. ಸಮಾಜದ ದಾಖಲೆಯಂತೆ ಕ್ಯಾಸೆಟ್ಟು ಅದೇ ಸಂಜೆ ಅಂಗಡಿಗೆ ಮರಳಿದೆ. ಲೇಖನದ ಅಡಿಯಲ್ಲಿರುವುದು ಮರುದಿನದ, ಸೋಮವಾರದ ತಾರೀಖು. ಊರಲ್ಲಿದ್ದದ್ದು ಈ ಒಂದೇ ಪ್ರತಿ. ಅದರ ಎರಡು ಸುರುಳಿಗಳೂ ನನ್ನ ಕೈಗೆ ಬಂದಾಗಲೂ ಸಮಸಮವಾಗಿ, ನಡುವಿನಲ್ಲೇ ನಿಂತಿದ್ದವು. ಅವುಗಳ ಫೋಟೊ ತೆಗೆದುಕೊಂಡ ಮೇಲೆಯೇ, ಬ್ರಹ್ಮಾವರದ ಪರಿಚಿತರಿಂದ ಹಳೆಯ ವಿ.ಸಿ.ಆರ್. ತಂದು ಉಳಿದರ್ಧವನ್ನು ನೋಡಿದೆ.

ಚಿತ್ರದಲ್ಲಿ ಮಗನ ಕೈಯನ್ನು ತಾಯಿಯೇ ತಳ್ಳುತ್ತಾಳೆ. "ಈ ಕೋಟಿನಲ್ಲಿ ಅವನಿಗೆ ಬೆಳಗಿನಿಂದ ಉಸಿರು ಕಟ್ಟುತ್ತಿದೆ" ಎಂದು ಬೈಯುತ್ತ ತಾನೇ ಗುಂಡಿ ಬಿಚ್ಚಿ, ಗಂಡನಿಗೆ ಡಾಂಬರಿನ ಕಲೆಗಳಿದ್ದ ಕೆಲಸದ ಉಣ್ಣೆಯಂಗಿ ತೊಡಿಸುತ್ತಾಳೆ. ಸಂದರ್ಶನದಲ್ಲಿ ಕೂತ ಮಗನ ಕೋಟಿನ ಜೇಬಿನಲ್ಲಿ, ಶವಕ್ಕೆಂದು ಸಿಕ್ಕಿಸಿದ್ದ ಹೂವು ಹಾಗೆಯೇ ಉಳಿದಿರುತ್ತದೆ. ನಾನು ಒಬ್ಬನೇ ಕೂತು ನಕ್ಕೆ. ಆಮೇಲೆ ನಗಲಾಗಲಿಲ್ಲ.

ಅಡಿಟಿಪ್ಪಣಿ ಬರೆದು ಕಳಿಸಿದ್ದೇನೆ: ಲೇಖಕರು ಚಿತ್ರದ ಅರ್ಧವನ್ನಷ್ಟೇ ನೋಡಿದ್ದಾರೆ, ಅವರು ಹೇಳುವ ಮುಕ್ತಾಯ ಚಿತ್ರದಲ್ಲಿಲ್ಲ. ಅದನ್ನು ತೆಗೆದರೆ ನನ್ನ ಹೆಸರನ್ನೂ ಗ್ರಂಥದಿಂದ ತೆಗೆಯಬೇಕೆಂದು ಸಂಪಾದಕರಿಗೆ ತಿಳಿಸಿದ್ದೇನೆ. ಅಧ್ಯಕ್ಷರು ಈ ವಯಸ್ಸಿನಲ್ಲೂ ಸಣ್ಣಕ್ಷರವನ್ನು ಓದಬಲ್ಲರು, ವಿಚಾರಿಸಿ ಖಚಿತಪಡಿಸಿಕೊಂಡೆ.

ಮೇಲೆ "ಗುಂಡಿ ಒತ್ತಲಾಯಿತು" ಎಂದು ಬರೆದೆ. ಕರ್ಮಣಿ ಪ್ರಯೋಗ ನನ್ನಂಥವರ ಅಡಗುತಾಣ. ಒತ್ತಿದವನು ನಾನು. ಟಿಪ್ಪಣಿಯ ಎರಡನೆಯ ವಾಕ್ಯದಲ್ಲಿ ಅದೂ ಇದೆ.

ನಿನ್ನೆ ಕ್ಯಾಸೆಟ್ಟನ್ನು ಮೊದಲಿನವರೆಗೆ ರಿವೈಂಡ್ ಮಾಡಿ, ಹೊಸ ಕರ್ಪೂರ ಹಾಕಿ ಮುಚ್ಚಿದೆ. ಮೆಟ್ಟಿಲಲ್ಲಿ ನಿಲ್ಲಿಸಿ ಪರೀಕ್ಷಿಸಲು ಅವರಿಲ್ಲ. ಕಡೆಗೆ ಏನಾಯಿತೆಂದು ಕೇಳಿದವರೂ ಇಲ್ಲ...