ದೊಡ್ಡಪ್ಪ ರಿವರ್ಸ್ ತೆಗೆದ ದಿನ

ನಮ್ಮ ದೊಡ್ಡಪ್ಪ ಬಸ್ ಡ್ರೈವರ್ ಆಗಿದ್ದವರು. ನಿವೃತ್ತರಾಗುವವರೆಗೂ ಅವರಿಗೆ ಒಂದು ಕೆಲಸ ಕಂಡರೆ ಆಗುತ್ತಿರಲಿಲ್ಲ: ಬಸ್ಸನ್ನು ಹಿಂದಕ್ಕೆ ತೆಗೆಯುವುದು. "ಹಿಂದೆ ನಿಂತು ಕೂಗೋರ ಮಾತು ನಂಬ್ಕೊಂಡು ಓಡಿಸ್ಬೇಕು. ಅದೂ ಒಂದು ಡ್ರೈವಿಂಗಾ?" ಎನ್ನುತ್ತಿದ್ದರು. ಡಿಪೋದ ಅಂಗಳವನ್ನೆಲ್ಲ ಸುತ್ತು ಹಾಕಿಯಾದರೂ ಮೂತಿ ಮುಂದಾಗಿಯೇ ಬಸ್ ನಿಲ್ಲಿಸುತ್ತಿದ್ದರು. ಮನೆಯಲ್ಲೂ ಅದೇ ಜಾಯಮಾನ. ಜಗಳವಾದರೆ ದೊಡ್ಡಮ್ಮನೇ ಬಂದು ಮಾತಾಡಿಸಬೇಕು. ಅಲ್ಲಿಯವರೆಗೆ ಇವರ ಮುಖ ಪೇಪರಿನ ಹಿಂದೆ.

ಬೆಟ್ಟದ ತಪ್ಪಲಿನ ಹಳ್ಳಿಗಳನ್ನು ಬಳಸಿ, ಹೊರಟ ಸೇತುವೆಗೇ ಬಂದು ಸೇರುವ ಕಾಲುದಾರಿಯೊಂದಿದೆ. ಪೂರ್ತಿ ನಡೆಯಲು ಒಂದು ವಾರ ಬೇಕು. ಗಂಡನ ಜೊತೆ ಅದನ್ನು ನಡೆಯಬೇಕೆಂಬುದು ದೊಡ್ಡಮ್ಮನ ಬಹುಕಾಲದ ಆಸೆ. ಹೋದ ದಾರಿಯಲ್ಲೇ ವಾಪಸ್ ಬರಬೇಕಿಲ್ಲ ಎಂದು ತಿಳಿದದ್ದೇ ದೊಡ್ಡಪ್ಪ ಒಪ್ಪಿಬಿಟ್ಟರು. ಚೀಲ ಹೊರಲು, ಮುಖ್ಯವಾಗಿ ಜಗಳ ಬಿಡಿಸಲು, ನಾನೂ ಹೊರಟೆ.

ಅರ್ಧ ದಾರಿಯಲ್ಲಿ ಹೊತ್ತಿಕೊಂಡಿತು. ದೊಡ್ಡಮ್ಮ ಬೇಲಿಯ ಪ್ರತಿ ಹೂವನ್ನೂ ಮಾತಾಡಿಸಿಕೊಂಡು ಬರುವವರು. "ನಿನ್ನಿಂದ ಟೈಮಿಂಗೇ ಹಾಳಾಯ್ತು. ಇದಕ್ಕೇ ನಿನ್ನ ಎಲ್ಲೂ ಕರ್ಕೊಂಡ್ ಹೋಗಿಲ್ಲ," ಎಂದವರೇ ದೊಡ್ಡಪ್ಪ ಬಿರಬಿರನೆ ಮುಂದೆ ಹೋದರು. ದೊಡ್ಡಮ್ಮ, ಕಾಲುದಾರಿ ಬಸ್ ರಸ್ತೆಯನ್ನು ದಾಟುವಲ್ಲಿದ್ದ ಮೋಟು ಗೋಡೆಯ ಮೇಲೆ ಕೂತೇಬಿಟ್ಟರು.

"ಈ ಸಲ ಅವರೇ ಬಂದು ಕರೀಲಿ. ಇಲ್ಲಾಂದ್ರೆ ಮುಂದಿನ ಬಸ್ಸಿಗೆ ಮನೆಗೆ ಹೋಗ್ತೀನಿ. ಇನ್ಯಾವತ್ತೂ ಅವರ ಜೊತೆ ಹೊರಡಲ್ಲ."

ದನಿಯಲ್ಲಿ ಸಿಟ್ಟೇ ಇರಲಿಲ್ಲ. ನನಗೆ ನಿಜಕ್ಕೂ ಭಯವಾಯಿತು. ಓಡಿಹೋಗಿ ದೊಡ್ಡಪ್ಪನನ್ನು ಹಿಡಿದು ವಿಷಯ ಹೇಳಿದೆ.

"ಸುತ್ತು ದಾರಿ ತಾನೆ? ಮುಂದೆ ಹೋದ್ರೂ ಅವಳ ಹತ್ರಾನೇ ಬರುತ್ತೆ," ಎಂದರು.

"ಬರುತ್ತೆ ದೊಡ್ಡಪ್ಪ. ಗೋಡೆ ಇರುತ್ತೆ, ದೊಡ್ಡಮ್ಮ ಇರಲ್ಲ."

ಅವರು ಟೋಪಿ ತೆಗೆದರು, ಮತ್ತೆ ಹಾಕಿಕೊಂಡರು. ಆಮೇಲೆ ಮುಖ ಮುಂದಕ್ಕಿಟ್ಟುಕೊಂಡೇ ಒಂದು ಹೆಜ್ಜೆ ಹಿಂದಿಟ್ಟರು. ಇನ್ನೊಂದಿಟ್ಟರು. ದಾರಿಯಲ್ಲಿ ಮೇಯುತ್ತಿದ್ದ ಕುರಿಗಳು ಗಾಬರಿಯಾಗಿ ದಾರಿ ಬಿಟ್ಟವು. ದೊಡ್ಡಮ್ಮ ಮುಖ ಬಿಗಿದುಕೊಂಡೇ ನೋಡುತ್ತಿದ್ದರು. ಆದರೆ ಗಂಡ ಇನ್ನೇನು ಕೆಸರು ಗುಂಡಿಗೆ ಬೀಳಬೇಕು ಎನ್ನುವಾಗ ತಡೆಯಲಾಗಲಿಲ್ಲ.

"ಎಡಕ್ಕೆ ರೀ, ಎಡಕ್ಕೆ! ಹಾಂ, ಬರ್ಲಿ... ಬರ್ಲಿ..."

ದೊಡ್ಡಪ್ಪ ತಿರುಗಿ ನೋಡಲೇ ಇಲ್ಲ. ಆ ದನಿಯನ್ನೇ ನಂಬಿ ಎಡಕ್ಕೆ ಸರಿದರು, ಹಿಂದೆ ಹಿಂದೆ ಬಂದರು.

"ಹೋಲ್ಡಾನ್!"

ನಿಂತರು. ತಿರುಗಿದಾಗ ಕಣ್ಣು ಒದ್ದೆಯಾಗಿತ್ತು.

"ಬಾರೇ," ಎಂದರು.

ದೊಡ್ಡಮ್ಮ ತಮ್ಮ ಚೀಲವನ್ನು ಅವರ ಹೆಗಲಿಗೆ ನೇತುಹಾಕಿ ಮುಂದೆ ನಡೆದರು. ಹೂವು ಕಂಡಲ್ಲೆಲ್ಲ ಬೇಕಂತಲೇ ನಿಂತರು. ಸೇತುವೆ ತಲುಪುವವರೆಗೂ ದೊಡ್ಡಪ್ಪ ಓವರ್‌ಟೇಕ್ ಮಾಡಲಿಲ್ಲ.